ಅಳಿವೆ ಬಾಯಲ್ಲಿ ಇಂಜಿನ್ ನಿಂತರೆ

(ಕುಂದಾಪುರ ಕಡಲತೀರದ ಮೀನುಗಾರ ಕುಟುಂಬಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ಏನೆಂದು ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಅಣ್ಣ, "ಎಂತ ಸಿಸ್ಟರ್, ಇನ್ನು ನೀವೂ ಇಂಜಿನ್ ಬಿಚ್ಚೂದಾ?" ಎಂದು ನಗಾಡಿದರು. ನಗಲಿ, ತಪ್ಪಿಲ್ಲ. ಉಳಿತಾಯ, ಸಾಲ, ಲೆಕ್ಕಪತ್ರ, ಮಕ್ಕಳ ಶಿಕ್ಷಣ ಎಂದು ನಾವು ಇಷ್ಟು ವರ್ಷ ಮಾತಾಡಿಕೊಂಡು ಬಂದವರು. ಇಂಜಿನ್ನಿನ ಹತ್ತಿರ ಹೋದವರೇ ಅಲ್ಲ. ಆದರೆ ನಮ್ಮನ್ನು ಇಂಜಿನ್ನಿನ ಹತ್ತಿರ ಕರೆದುಕೊಂಡು ಹೋದದ್ದೂ ಅದೇ ಲೆಕ್ಕಪತ್ರ.

ಸಂಘದ ಸಾಲದ ಪುಸ್ತಕದಲ್ಲಿ 'ಸಾಲದ ಉದ್ದೇಶ' ಎಂಬ ಒಂದು ಅಂಕಣ ಉಂಟು. ಕಂತು ಹಿಂದೆ ಬಿದ್ದ ಸದಸ್ಯೆಯರ ಪುಟಗಳನ್ನು ಒಂದು ಮಳೆಗಾಲದಲ್ಲಿ ಕೂತು ತಿರುವಿ ಹಾಕುವಾಗ ಆ ಅಂಕಣದಲ್ಲಿ ಮತ್ತೆ ಮತ್ತೆ ಒಂದೇ ಮಾತು ಕಂಡಿತು: ಇಂಜಿನ್ ರಿಪೇರಿ. ಬಲೆಗೆ ಅಂತ ತೆಗೆದ ಸಾಲವೂ ವಿಚಾರಿಸಿದರೆ ಕೊನೆಗೆ ಇಂಜಿನ್ನಿಗೇ ಹೋಗಿತ್ತು. ಸಾಲ ತೆಗೆದವಳು ಹೆಂಗಸು, ಸಹಿ ಅವಳದ್ದು, ಅಡವಿಟ್ಟ ಬಳೆ ಅವಳದ್ದು. ಇಂಜಿನ್ನಿಗೆ ಏನಾಗಿತ್ತು ಎಂದು ಕೇಳಿದರೆ ಮಾತ್ರ ಅವಳಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ಹಾಗಾಗಿ ಕೇಳಿ, ನೋಡಿ, ಕೈ ಕಪ್ಪು ಮಾಡಿಕೊಂಡು ಕಲಿಯಬೇಕಾಯಿತು. ಕಲಿತ ಮೇಲೆ ತಿಳಿದದ್ದು ಇಷ್ಟು: ನಡುನೀರಿನಲ್ಲಿ ನಿಲ್ಲುವ ಇಂಜಿನ್ನಿನ ತೊಂದರೆ ಎಷ್ಟೋ ಸಲ ಇಂಜಿನ್ನಿನ ಒಳಗೆ ಇರುವುದೇ ಇಲ್ಲ. ಟ್ಯಾಂಕಿನಿಂದ ಇಂಜಿನ್ನಿಗೆ ಎಣ್ಣೆ ಬರುವ ದಾರಿಯಲ್ಲಿ ಇರ್ತದೆ.

ಮೊದಲು ಒಂದು ಘಟನೆ. 2019ರ ಜುಲೈ ತಿಂಗಳು. ಹೆಸರು ಬೇಡ, ಇಲ್ಲಿ ಕೂತವರಲ್ಲಿ ಕೆಲವರಿಗೆ ಗೊತ್ತೇ ಉಂಟು. ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಯಾಂತ್ರಿಕ ದೋಣಿಗಳಿಗೆ ನಿಷೇಧ. 10 ಅಶ್ವಶಕ್ತಿ ಒಳಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಅದರಿಂದ ವಿನಾಯಿತಿ. ಅಂದ್ರೆ ಕಡಲು ಅತ್ಯಂತ ಕೆಟ್ಟಿರುವ ಎರಡು ತಿಂಗಳು ಅತ್ಯಂತ ಸಣ್ಣ ದೋಣಿಗಳು ಹೊರಗೆ ಹೋಗುವುದು. ಆ ದೋಣಿಯೂ ಹಾಗೆ ಹೋಗಿತ್ತು, ನಾಲ್ಕು ಜನ. ಹಿಂದೆ ಬರುವಾಗ ಗಂಗೊಳ್ಳಿ ಅಳಿವೆಯ ಹತ್ತಿರ ಇಂಜಿನ್ ಕುಂಟಿ ಕುಂಟಿ ನಿಂತಿತು. ಐದು ಹೊಳೆ ಸೇರುವ ಜಾಗ ಅದು. ಮಳೆಗಾಲದಲ್ಲಿ ಒಳಗಿನಿಂದ ಹೊಳೆಯ ಸೆಳೆತ, ಹೊರಗಿನಿಂದ ತೆರೆ. ಅಲ್ಲಿ ಎರಡು ನಿಮಿಷ ಇಂಜಿನ್ ಇಲ್ಲ ಅಂದ್ರೆ ದೋಣಿ ತೆರೆಗೆ ಅಡ್ಡ ತಿರುಗ್ತದೆ. ಅಡ್ಡ ತಿರುಗಿದ ದೋಣಿಯ ಗತಿ ನಿಮಗೆ ನಾವು ಹೇಳಬೇಕಾಗಿಲ್ಲ.

ಆ ದಿನ ಹಿಂದಿನಿಂದ ಬಂದ ಇನ್ನೊಂದು ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಜೀವ ಉಳಿಯಿತು, ಬಲೆ ಹೋಯಿತು. ಇಂಜಿನ್ನನ್ನು ವರ್ಕ್‌ಶಾಪಿಗೆ ಒಯ್ದರು. ಅಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದರು, ಪ್ಲಗ್ ಬದಲಿಸಿದರು, ಡ್ರಮ್ಮಿನಲ್ಲಿಟ್ಟು ಓಡಿಸಿ ತೋರಿಸಿದರು. ಚೆನ್ನಾಗಿ ಓಡಿತು. ಬಿಲ್ಲು ಕಟ್ಟಲು ಹೆಂಡತಿ ಸಂಘದಿಂದ ಸಾಲ ತೆಗೆದಳು. ಹತ್ತೇ ದಿನಕ್ಕೆ ಮತ್ತೆ ಅದೇ ಕಥೆ, ಪುಣ್ಯಕ್ಕೆ ಈ ಸಲ ಹೊಳೆಯ ಒಳಗೆ.

ಆಗ ದೋಣಿಕಟ್ಟೆಯ ಒಬ್ಬರು ಹಿರಿಯ ಮೆಕ್ಯಾನಿಕ್ ಇಂಜಿನ್ ಮುಟ್ಟಲೇ ಇಲ್ಲ, ಸೀಮೆಎಣ್ಣೆ ಟ್ಯಾಂಕಿನ ಮುಚ್ಚಳ ನೋಡಿದರು. ಮುಚ್ಚಳದ ಮೇಲೆ ಒಂದು ಸಣ್ಣ ಸ್ಕ್ರೂ ಇರ್ತದೆ, ಗಾಳಿ ಒಳಗೆ ಹೋಗಲಿಕ್ಕೆ. ಅದು ಬಿಗಿಯಾಗಿ ಮುಚ್ಚಿತ್ತು. ಅವರು ಅದನ್ನು ತಿರುಗಿಸಿದ ಕೂಡಲೇ 'ಸುಸ್ಸ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಇಷ್ಟೇ. ಮಳೆನೀರು ಟ್ಯಾಂಕಿಗೆ ಹೋಗಬಾರದು ಎಂದು ಜಾಗ್ರತೆಯಿಂದ ಮುಚ್ಚಿದ ಸ್ಕ್ರೂ ಅದು. ತೆರೆಯಲು ಮರೆತು ಹೋಗಿತ್ತು. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ಎಳೆತ ಹುಟ್ಟಿ, ಇಂಜಿನ್ನಿನ ಪಂಪಿಗೆ ಎಣ್ಣೆ ಸೆಳೆಯಲು ಆಗುವುದಿಲ್ಲ. ಹೊರಡುವಾಗ ಚೆನ್ನಾಗಿಯೇ ಓಡ್ತದೆ. ಸ್ವಲ್ಪ ಹೊತ್ತಿನ ನಂತರ ಸೊರಗಿ ನಿಲ್ತದೆ. ಕಾದರೆ ಎಲ್ಲಿಂದಲೋ ಸ್ವಲ್ಪ ಗಾಳಿ ನುಸುಳಿ ಮತ್ತೆ ಸ್ಟಾರ್ಟ್ ಆಗ್ತದೆ, ಮತ್ತೆ ನಿಲ್ತದೆ. ಭೂತ ಹಿಡಿದ ಹಾಗೆ ಕಾಣುವುದು ಇದಕ್ಕೇ.

ಹಾಗಾದರೆ ವರ್ಕ್‌ಶಾಪಿನಲ್ಲಿ ಹೇಗೆ ಓಡಿತು? ಅವರು ಓಡಿಸಿದ್ದು ವರ್ಕ್‌ಶಾಪಿನ ಟ್ಯಾಂಕಿನಿಂದ, ವರ್ಕ್‌ಶಾಪಿನ ಪೈಪಿನಿಂದ. ಇವರ ಟ್ಯಾಂಕು ದೋಣಿಯಲ್ಲೇ ಉಳಿದಿತ್ತು. ಆದ್ದರಿಂದ ಇವತ್ತಿನ ಮಾತಿನಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿಡಿ: ಇಂಜಿನ್ ರಿಪೇರಿಗೆ ಹೋಗುವಾಗ ನಿಮ್ಮದೇ ಟ್ಯಾಂಕು, ನಿಮ್ಮದೇ ಪೈಪು, ಅದರಲ್ಲಿ ಉಳಿದ ಎಣ್ಣೆ ಸಮೇತ ಹೋಗಬೇಕು. ನಮ್ಮದರಲ್ಲೇ ಓಡಿಸಿ ತೋರಿಸಿ ಎಂದು ಕೇಳುವ ಹಕ್ಕು ದುಡ್ಡು ಕೊಡುವವರಿಗೆ ಉಂಟು. ಹೆಂಗಸರು ಕೇಳಿದರೆ ಇನ್ನೂ ಒಳ್ಳೆಯದು.

ಈಗ ದಾರಿಯನ್ನು ನೋಡುವ. ಟ್ಯಾಂಕು, ಅದರೊಳಗೆ ಎಣ್ಣೆ ಹೀರುವ ಕೊಳವೆ ಮತ್ತು ಅದರ ತುದಿಯ ಜಾಲರಿ, ಅಲ್ಲಿಂದ ರಬ್ಬರ್ ಪೈಪು, ಪೈಪಿನ ನಡುವೆ ಮೊಟ್ಟೆಯ ಆಕಾರದ ರಬ್ಬರ್ ಕೈಪಂಪು, ಇಂಜಿನ್ನಿಗೆ ಸಿಕ್ಕಿಸುವ ಕನೆಕ್ಟರ್, ಫಿಲ್ಟರ್, ಇಂಜಿನ್ನಿನ ಪಂಪು, ಕೊನೆಗೆ ಕಾರ್ಬ್ಯುರೇಟರ್. ಬಾವಿಯಿಂದ ಅಡುಗೆಮನೆಯ ನಲ್ಲಿಗೆ ನೀರು ಬರುವ ಹಾಗೆಯೇ. ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಮೊದಲು ನಲ್ಲಿಯನ್ನು ಬಿಚ್ಚುತ್ತೇವೆಯೇ? ಟ್ಯಾಂಕಿಯಲ್ಲಿ ನೀರುಂಟಾ ನೋಡ್ತೇವೆ. ಇಲ್ಲೂ ಅದೇ ಕ್ರಮ: ಸುಲಭದ್ದು ಮೊದಲು, ಬಿಚ್ಚುವಂಥದ್ದು ಕೊನೆಗೆ.

ಇಂಜಿನ್ ನಿಂತ ರೀತಿಯೇ ಅರ್ಧ ಉತ್ತರ ಹೇಳ್ತದೆ. ಸ್ವಿಚ್ಚು ಆರಿಸಿದ ಹಾಗೆ ಒಮ್ಮೆಗೇ ಸ್ತಬ್ಧವಾದರೆ ಕಿಡಿಯ ಕಡೆ ಸಂಶಯಪಡಬೇಕು. ಅದರಲ್ಲೂ ಕೈಗೆ ಕಟ್ಟುವ ಸುರಕ್ಷಾ ಹಗ್ಗದ ಕ್ಲಿಪ್ಪು ಕಳಚಿದೆಯಾ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಕ್ಲಿಪ್ಪು ಕಳಚಿದ್ದನ್ನು ಕಾಣದೆ ಅರ್ಧ ಗಂಟೆ ಹಗ್ಗ ಎಳೆದವರು ಉಂಟು. ಅದೇ ಇಂಜಿನ್ ಕೆಮ್ಮಿ, ಒಮ್ಮೆ ಏರಿ ಒಮ್ಮೆ ಇಳಿದು, ನಿಧಾನ ಸೊರಗಿ ನಿಂತರೆ ಎಣ್ಣೆಯ ದಾರಿ ಎಂದು ತಿಳಿಯಿರಿ.

ಆಗ ಕೈಪಂಪನ್ನು ಹಿಡಿದು ನೋಡುವುದು. ಈ ಐವತ್ತು ದಾಟಿದ ವಯಸ್ಸಿನಲ್ಲಿ ನಮಗೆ ಅತ್ಯಂತ ಇಷ್ಟವಾದ ಭಾಗ ಇದು, ಯಾಕಂದ್ರೆ ಇದಕ್ಕೆ ಶಕ್ತಿಯೂ ಬೇಡ, ಸ್ಪ್ಯಾನರೂ ಬೇಡ, ಅಂಗೈ ಸಾಕು. ನಾಡಿ ನೋಡಿದ ಹಾಗೆ. ಪಂಪಿನ ಮೇಲೆ ಒಂದು ಬಾಣದ ಗುರುತು ಇರ್ತದೆ. ಅದು ಇಂಜಿನ್ನಿನ ಕಡೆ ತೋರಿಸಬೇಕು. ಪೈಪು ಬದಲಿಸುವಾಗ ತಿರುಗುಮುರುಗಾಗಿ ಹಾಕಿದ್ದನ್ನು ನಾವೇ ಕಂಡಿದ್ದೇವೆ. ಬಾಣ ಮೇಲ್ಮುಖವಾಗಿ ಹಿಡಿದು ಹಿಸುಕಿದರೆ ಕೆಲವು ಸಲಕ್ಕೆ ಅದು ಗಟ್ಟಿಯಾಗಬೇಕು.

ಗಟ್ಟಿಯಾಗುವುದೇ ಇಲ್ಲ, ಎಷ್ಟು ಹಿಸುಕಿದರೂ ಮೆತ್ತಗೇ ಉಂಟು ಅಂತಾದರೆ ಟ್ಯಾಂಕಿನಲ್ಲಿ ಎಣ್ಣೆ ಇಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪಂಪಿನೊಳಗಿನ ಕವಾಟ ಹಾಳಾಗಿದೆ. ಗಾಳಿ ಎಳೆಯುವ ಜಾಗ ಹೆಚ್ಚಾಗಿ ಕನೆಕ್ಟರ್. ಅದರೊಳಗೆ ಸಣ್ಣ ರಬ್ಬರ್ ಬಳೆ, ಓ-ರಿಂಗ್, ಸವೆದಿರ್ತದೆ. ಬಹಳ ಅಗ್ಗದ ವಸ್ತು, ಎರಡು ಯಾವಾಗಲೂ ದೋಣಿಯಲ್ಲಿರಲಿ. ಇನ್ನೊಂದು ಸಾಧ್ಯತೆ, ಕಾರ್ಬ್ಯುರೇಟರಿನೊಳಗಿನ ಸೂಜಿ ಸಿಕ್ಕಿಹಾಕಿಕೊಂಡು ಎಣ್ಣೆ ಉಕ್ಕಿ ಹೊರಗೆ ಹೋಗುತ್ತಿರಬಹುದು. ಹಾಗಿದ್ದರೆ ಇಂಜಿನ್ನಿನ ಕೆಳಗೆ ಎಣ್ಣೆ ತೊಟ್ಟಿಕ್ಕುವುದು ಕಾಣ್ತದೆ, ವಾಸನೆಯೂ ಬರ್ತದೆ.

ಇಂಜಿನ್ ಓಡುತ್ತಿರುವಾಗ ಪಂಪು ಒಣಗಿದ ನೆಲ್ಲಿಕಾಯಿಯ ಹಾಗೆ ಒಳಗೆ ಕುಗ್ಗಿದರೆ ತಡೆ ಇರುವುದು ಟ್ಯಾಂಕಿನ ಕಡೆ: ಗಾಳಿ ಸ್ಕ್ರೂ ಮುಚ್ಚಿದೆ, ಹೀರುಕೊಳವೆಯ ಜಾಲರಿಯಲ್ಲಿ ಕಸ ಕಟ್ಟಿದೆ, ಪೈಪು ಯಾರದೋ ಕಾಲಡಿಗೋ ಬಲೆಯ ರಾಶಿಯ ಅಡಿಗೋ ಬಿದ್ದು ಮಡಚಿದೆ. ಪಂಪು ಕಲ್ಲಿನ ಹಾಗೆ ಗಟ್ಟಿ ಉಂಟು, ಆದರೂ ಇಂಜಿನ್ನಿಗೆ ಎಣ್ಣೆ ಸಾಲುತ್ತಿಲ್ಲ ಅಂದ್ರೆ ತಡೆ ಇಂಜಿನ್ನಿನ ಕಡೆ, ಫಿಲ್ಟರಿನಲ್ಲೋ ಕಾರ್ಬ್ಯುರೇಟರಿನಲ್ಲೋ. ಇನ್ನು ಇಂಜಿನ್ ಸೊರಗುವಾಗ ಒಬ್ಬರು ಕೈಪಂಪು ಹಿಸುಕುತ್ತಾ ಹೋದರೆ ಅದು ಚೇತರಿಸಿಕೊಂಡು ಓಡಿತು ಅಂತಾದರೆ, ಇಂಜಿನ್ನಿನ ಸ್ವಂತ ಪಂಪು ಕೆಲಸ ಮಾಡುತ್ತಿಲ್ಲ ಅಥವಾ ಅದಕ್ಕೆ ಎಳೆಯಲಾಗದಷ್ಟು ತಡೆ ಉಂಟು. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಆ ಪಂಪು ಒಂದು ತೆಳ್ಳಗಿನ ಪೊರೆ. ಇಂಜಿನ್ನಿನೊಳಗಿನ ಒತ್ತಡದ ಏರಿಳಿತಕ್ಕೆ ಅದು ಉಸಿರಾಡಿದಂತೆ ಆಡ್ತದೆ. ಪೊರೆ ಗಟ್ಟಿಯಾದರೆ, ಹರಿದರೆ ಕೆಲಸ ಮುಗಿಯಿತು. ರಿಪೇರಿ ದಡದಲ್ಲಿ ಮಾಡಿಸಿದರಾಯಿತು, ಆ ಹೊತ್ತಿಗೆ ಮುಖ್ಯವಾದದ್ದು ಏನೆಂದರೆ ಹೀಗೆ ಹಿಸುಕುತ್ತಲೇ ಮನೆ ಸೇರಬಹುದು. ಕೈ ನೋಯ್ತದೆ, ಬದಲಿಸಿಕೊಳ್ಳಿ.

ಸೀಮೆಎಣ್ಣೆ ಇಂಜಿನ್ನಿನವರಿಗೆ ಇನ್ನೊಂದು ಉಪಾಯ ಉಂಟು. ತಣ್ಣಗಿರುವಾಗ ಸೀಮೆಎಣ್ಣೆ ಸುಲಭದಲ್ಲಿ ಆವಿಯಾಗುವುದಿಲ್ಲ, ಹಾಗಾಗಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಕಾಕು ತಿರುಗಿಸಿ ಸೀಮೆಎಣ್ಣೆಗೆ ಹಾಕುವುದು. ಇಂಜಿನ್ ಸೊರಗಿದರೆ ಕಾಕನ್ನು ತಿರುಗಿಸಿ ಪೆಟ್ರೋಲಿಗೆ ಹಾಕಿ ನೋಡಿ. ಓಡಿದರೆ ದೋಷ ಸೀಮೆಎಣ್ಣೆಯ ಕಡೆ ಎಂದು ಗೊತ್ತಾಯಿತು, ದಡಕ್ಕೂ ಬಂದಾಯಿತು. 2019ರ ಆ ದೋಣಿಯವರೂ ಇದನ್ನು ಮಾಡಬಹುದಿತ್ತು. ಆದರೆ ಪೆಟ್ರೋಲಿಗೆ ರೇಟು ಜಾಸ್ತಿ ಎಂದು ಸಣ್ಣ ಟ್ಯಾಂಕಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಲು ಬೇಕಾದಷ್ಟೇ ಹಾಕಿದ್ದರು. ಅಳಿವೆಯಲ್ಲಿ ತಿರುಗಿಸಿದರೆ ಅದು ಖಾಲಿ. ಒಂದೆರಡು ಲೀಟರಿನ ಉಳಿತಾಯ. ಆ ಮನೆಯ ತಂಗಿ ನಮ್ಮ ಹತ್ತಿರ, "ಆ ಪೆಟ್ರೋಲಿನ ದುಡ್ಡು ಬೇಡ ಅಂದದ್ದು ನಾನೇ ಸಿಸ್ಟರ್" ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ಕೂತಳು. ಅವಳ ತಪ್ಪು ಎಂದು ನಾವು ಹೇಳುವುದಿಲ್ಲ. ಆ ಪೆಟ್ರೋಲು ಯಾತಕ್ಕೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗೆಯೇ ದಡಕ್ಕೆ ಬಂದು ನಿಲ್ಲಿಸುವ ಮೊದಲು ಮತ್ತೆ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ ನಿಲ್ಲಿಸಬೇಕು. ಸೀಮೆಎಣ್ಣೆಯಲ್ಲೇ ಆರಿಸಿದರೆ ಕಾರ್ಬ್ಯುರೇಟರಿನಲ್ಲಿ ಅದೇ ಉಳಿದು ಮರುದಿನ ಬೆಳಿಗ್ಗೆ ಹಗ್ಗ ಎಳೆದೆಳೆದು ಭುಜ ಬಿದ್ದು ಹೋಗ್ತದೆ. ಆಗ ಪ್ಲಗ್ ಬಿಚ್ಚಿ ನೋಡಿ. ಇಷ್ಟು ಎಳೆದರೂ ಪ್ಲಗ್ ಒಣಗಿದ್ದರೆ ಎಣ್ಣೆ ಬರುತ್ತಿಲ್ಲ. ತೊಯ್ದಿದ್ದರೆ ಎಣ್ಣೆ ಹೆಚ್ಚಾಗಿದೆ, ಅಥವಾ ಕಿಡಿ ಇಲ್ಲ. ಒರಸಿ, ಒಣಗಿಸಿ, ಚೋಕ್ ಇಲ್ಲದೆ ಎಳೆಯಿರಿ.

ಇನ್ನು ನೀರಿನ ವಿಷಯ. ಇದು ಮನೆಯಲ್ಲಿರುವ ನಮ್ಮ ಅಕ್ಕ ತಂಗಿಯರ ಕೈಯಲ್ಲಿರುವುದು, ಯಾಕಂದ್ರೆ ಕ್ಯಾನು ಇಡುವುದು ಮನೆಯಲ್ಲಿ, ಹಲವು ಮನೆಗಳಲ್ಲಿ ಅಳೆದು ಕೊಡುವವರೂ ಅವರೇ. ನೀರು ಪೆಟ್ರೋಲಿಗಿಂತಲೂ ಸೀಮೆಎಣ್ಣೆಗಿಂತಲೂ ಭಾರ, ಅಡಿಯಲ್ಲಿ ಕೂರ್ತದೆ. ಇಂಜಿನ್ನಿನ ಹೀರುಕೊಳವೆ ಎಣ್ಣೆ ತೆಗೆಯುವುದೂ ಅಡಿಯಿಂದಲೇ. ದೋಣಿ ಶಾಂತ ಹೊಳೆಯಲ್ಲಿರುವಾಗ ನೀರು ಒಂದು ಮೂಲೆಯಲ್ಲಿ ಸುಮ್ಮನಿರ್ತದೆ. ಅಳಿವೆಯ ತೆರೆಗೆ ಟ್ಯಾಂಕು ಕುಲುಕಿದ ಕೂಡಲೇ ಅದು ಕೊಳವೆಗೆ ಸೇರ್ತದೆ. ಬೇರೆಲ್ಲೂ ನಿಲ್ಲದ ಇಂಜಿನ್ ಸರಿಯಾಗಿ ಅಳಿವೆಯಲ್ಲೇ ಯಾಕೆ ನಿಲ್ತದೆ ಎಂದು ಕೇಳಿದವರಿಗೆ ಉತ್ತರ ಎಷ್ಟೋ ಸಲ ಇದೇ. ಅಡಿಯ ಕಸವೂ ಹಾಗೆಯೇ ಮೇಲೇಳುವುದು.

ಪರೀಕ್ಷೆ ಸುಲಭ. ಟ್ಯಾಂಕಿನ ಅಡಿಯಿಂದ ಸ್ವಲ್ಪ ಎಣ್ಣೆ ತೆಗೆದು ಪಾರದರ್ಶಕ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಿಸದೆ ಇಡಿ. ಅಡಿಯಲ್ಲಿ ಮಣಿಗಳ ಹಾಗೆ, ಅಥವಾ ಬೇರೆ ಪದರವಾಗಿ ಕಂಡರೆ ಅದು ನೀರು. ಬಟ್ಟೆಯಲ್ಲಿ ಸೋಸಿದ್ದೇವೆ ಎಂದು ಹೇಳುವವರು ಬಹಳ. ಹಳೆ ಲುಂಗಿಯ ಬಟ್ಟೆ ಕಸ ತಡೆಯಬಹುದು, ನೀರನ್ನು ಪೂರ್ತಿ ತಡೆಯುವುದಿಲ್ಲ, ಮೇಲಿಂದ ತನ್ನ ನೂಲನ್ನೂ ಸೇರಿಸ್ತದೆ. ಕ್ಯಾನನ್ನು ರಾತ್ರಿ ಅಲುಗಿಸದೆ ಇಟ್ಟು, ಬೆಳಿಗ್ಗೆ ಮೇಲಿನಿಂದ ಸುರಿದು, ಅಡಿಯ ಎರಡು ಬೆರಳಿನಷ್ಟನ್ನು ಟ್ಯಾಂಕಿಗೆ ಹಾಕದಿರುವುದು ಇದಕ್ಕಿಂತ ಒಳ್ಳೆಯದು. ಆ ಅಡಿಯದ್ದನ್ನು ಹೊಳೆಗೆ ಚೆಲ್ಲಬೇಡಿ.

ಸಬ್ಸಿಡಿ ಸೀಮೆಎಣ್ಣೆ ಸಿಗುವುದರಲ್ಲಿನ ಏರುಪೇರು ನಿಮಗೆಲ್ಲ ಗೊತ್ತು. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್ ಇಂಜಿನ್ನಿಗೆ ಬದಲಾಗಲು ಸಹಾಯಧನ ಘೋಷಣೆಯಾಯಿತು. ಕೆಲವರು ಬದಲಾಗಿದ್ದೀರಿ. ನಿಮಗೆ ಒಂದು ಹೊಸ ಎಚ್ಚರಿಕೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲು ಬರೀ ಪೆಟ್ರೋಲಲ್ಲ, ಎಥೆನಾಲ್ ಬೆರೆತದ್ದು. 2022ರಲ್ಲಿ ದೇಶದಲ್ಲಿ ಶೇಕಡಾ 10ರ ಮಟ್ಟ ಮುಟ್ಟಿತು, 2025ಕ್ಕೆ ಶೇಕಡಾ 20 ಆಯಿತು. ಎಥೆನಾಲ್ ನೀರನ್ನು ಹೀರಿಕೊಳ್ಳುವ ಪದಾರ್ಥ. ಸ್ವಲ್ಪ ನೀರು ಸೇರಿದರೆ ಕಾಣುವುದೇ ಇಲ್ಲ. ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಅಡಿಗೆ ಇಳೀತದೆ. ಆಗ ಬಾಟಲಿಯಲ್ಲಿ ಮೋಡ ಕವಿದ ಹಾಗೆ ಅಥವಾ ಎರಡು ಪದರವಾಗಿ ಕಾಣ್ತದೆ. ಇದನ್ನು ಆಯಿಲ್ ಬೆರೆಸುವ ಮೊದಲೇ ನೋಡಬೇಕು, ಆಯಿಲಿನ ಬಣ್ಣದಲ್ಲಿ ಗುರುತು ಸಿಗುವುದು ಕಷ್ಟ. ಹಾಗೆ ಒಡೆದ ಪೆಟ್ರೋಲನ್ನು ಕುಲುಕಿ ಸರಿ ಮಾಡಲಾಗುವುದಿಲ್ಲ. ಮಳೆಗಾಲದಲ್ಲಿ ಅರ್ಧ ಕ್ಯಾನು ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬೇಡಿ.

ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ಮೆತ್ತಗೆ ಮಾಡ್ತದೆ. ಇದರಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2021ರಲ್ಲಿ ಸಂಘದ ಸದಸ್ಯರಿಗೆ ಒಟ್ಟಿಗೆ ಖರೀದಿಸಿದರೆ ಅಗ್ಗ ಎಂದು ನಾವು ಪೈಪಿನ ಒಂದು ದೊಡ್ಡ ಸುರುಳಿ ತರಿಸಿ ತುಂಡು ಮಾಡಿ ಹಂಚಿದೆವು. ಅದು ಇಂಧನಕ್ಕೆ ಮಾಡಿದ ಪೈಪು ಆಗಿರಲಿಲ್ಲ. ನೋಡಲು ಹಾಗೇ ಇತ್ತು, ನಾವು ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಒಳಪದರ ಸುಲಿದು, ಎಣ್ಣೆ ಹೋಗುವ ದಿಕ್ಕಿಗೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳತೊಡಗಿತು. ಹೊರಗಿನಿಂದ ನೋಡಿದರೆ ಪೈಪು ಸರಿಯೇ ಉಂಟು. ಅಂಥ ದೋಷ ಹುಡುಕುವುದು ಎಷ್ಟು ಕಷ್ಟ ಎಂದು ಆ ವರ್ಷ ಬೈಗುಳ ಕೇಳಿದ ನಮಗೆ ಗೊತ್ತು. ಎಲ್ಲ ಪೈಪುಗಳನ್ನು ವಾಪಸು ಪಡೆದು, ಇಂಧನದ ಪೈಪನ್ನೇ ಕೊಟ್ಟೆವು. ಇನ್ನೂ ಆ ಹಳೆಯ ಬಿಳಿ ಪೈಪು ಯಾರ ದೋಣಿಯಲ್ಲಾದರೂ ಇದ್ದರೆ ದಯವಿಟ್ಟು ಇವತ್ತೇ ತನ್ನಿ.

ಆಯಿಲಿನ ಲೆಕ್ಕಕ್ಕೆ ಇಂಜಿನ್ನಿನ ಪುಸ್ತಕವೇ ಗುರು. ಐವತ್ತಕ್ಕೆ ಒಂದು ಎಂದು ಬರೆದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ. ಹೊಸ ಇಂಜಿನ್ನಿಗೆ ಮೊದಲ ದಿನಗಳಲ್ಲಿ ಇದಕ್ಕಿಂತ ಹೆಚ್ಚು ಬೇಕು, ಸೀಮೆಎಣ್ಣೆಯ ಲೆಕ್ಕವೂ ಬೇರೆ. ಕಣ್ಣಂದಾಜು ಬೇಡ, ಮಕ್ಕಳ ಔಷಧಿಯ ಅಳತೆಯ ಮುಚ್ಚಳ ಸಾಕು, ಆದರೆ ಅದನ್ನು ಮತ್ತೆ ಔಷಧಿಗೆ ಬಳಸಬೇಡಿ. ನಾಲ್ಕು ಸ್ಟ್ರೋಕಿನ ಹೊಸ ಇಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವುದೇ ಇಲ್ಲ.

ಕಾರ್ಬ್ಯುರೇಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಿಚ್ಚುವುದು ಬಲ್ಲವರ ಕೆಲಸ. ನಿಧಾನ ಓಡುವಾಗ ಆರಿಹೋಗಿ ವೇಗದಲ್ಲಿ ಸರಿ ಓಡಿದರೆ ಸಣ್ಣ ಜೆಟ್ಟು ಕಟ್ಟಿದೆ, ನಿಧಾನದಲ್ಲಿ ಸರಿ ಇದ್ದು ವೇಗಕ್ಕೆ ಹಾಕಿದಾಗ ಸೊರಗಿದರೆ ದೊಡ್ಡದು, ಎಂದು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ಸಮಯ, ನಿಮ್ಮ ಅರ್ಧ ದುಡ್ಡು ಉಳೀತದೆ. ಸೇಫ್ಟಿ ಪಿನ್ನು, ತಂತಿ ಹಾಕಿ ಚುಚ್ಚಲು ಮಾತ್ರ ಬಿಡಬೇಡಿ. ಜೆಟ್ಟು ಹಿತ್ತಾಳೆಯದ್ದು, ತೂತು ದೊಡ್ಡದಾಗಿ ಆಮೇಲೆ ಎಣ್ಣೆ ಕುಡಿಯಲು ಸುರು ಮಾಡ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದನ್ನು ಕೊನೆಗೆ ಹೇಳುತ್ತಿದ್ದೇವೆ, ಕ್ಷಮಿಸಿ. ಇಂಜಿನ್ ನಿಂತ ಕೂಡಲೇ ಎಲ್ಲರೂ ಇಂಜಿನ್ನಿಗೆ ಮುತ್ತಬೇಡಿ. ಒಬ್ಬರು ಲಂಗರು ಬಿಡಿ, ಒಬ್ಬರು ಹುಟ್ಟು ಹಿಡಿದು ದೋಣಿಯ ಮೂತಿಯನ್ನು ತೆರೆಯ ಕಡೆ ಇಡಿ, ಎಲ್ಲರೂ ಲೈಫ್ ಜಾಕೆಟ್ ಹಾಕಿ. ಆಮೇಲೆ ಸ್ಕ್ರೂ, ಪಂಪು. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸ್ ಸಹಾಯವಾಣಿ 1093. ಮೊಬೈಲಿನಲ್ಲಿ ಮಾತ್ರವಲ್ಲ, ದೋಣಿಯ ಹಲಗೆಯ ಮೇಲೂ ಬಣ್ಣದಲ್ಲಿ ಬರೆಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ಅಡಿಯಲ್ಲಿ ಕಾಣದೆ ಕೂತಿರ್ತದೆ. ಪೈಪು ಬಿಚ್ಚಿದ ಮೇಲೆ ಬೆಂಕಿಕಡ್ಡಿ ಗೀರಿದರೆ ಏನಾಗ್ತದೆ ಎಂದು ಬಿಡಿಸಿ ಹೇಳುವುದು ಬೇಡ.

ಮತ್ತೊಂದು, ಮನೆಯದ್ದು. ಬಾಯಿಯಿಂದ ಪೈಪಿನಲ್ಲಿ ಸೀಮೆಎಣ್ಣೆ ಎಳೆಯುವ ಅಭ್ಯಾಸ ಬಿಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ, ಪೆಟ್ರೋಲು ತುಂಬಿಡುವುದನ್ನೂ ಬಿಡಬೇಕು. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ ಹೆಚ್ಚು. ಮಗು ನಗುತ್ತಾ ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಈಗ ಮಾತು ಸಾಕು. ಹೊರಗೆ ಅಂಗಳದಲ್ಲಿ ನೀರಿನ ಡ್ರಮ್ಮಿಗೆ ಒಂದು ಇಂಜಿನ್ ಕಟ್ಟಿ ಇಟ್ಟಿದ್ದೇವೆ. ಅದರ ಎಣ್ಣೆಯ ದಾರಿಯಲ್ಲಿ ಮೂರು ತಪ್ಪುಗಳನ್ನು ಬೇಕೆಂದೇ ಮಾಡಿ ಇಡಲಾಗಿದೆ. ಮೊದಲು ಹೆಂಗಸರು ಹುಡುಕಲಿ, ಅಣ್ಣಂದಿರು ಹಿಂದೆ ನಿಂತು ನೋಡಲಿ, ಹೇಳಿಕೊಡುವುದು ಬೇಡ. ಬೀಡಿ, ಬೆಂಕಿಪೊಟ್ಟಣ ಇದ್ದವರು ಇಲ್ಲೇ ಮೇಜಿನ ಮೇಲೆ ಇಟ್ಟು ಬನ್ನಿ.